ರಾಯಚೂರಾಗ ವರ್ಲ್ಡ್ ಹಿಸ್ಟರಿ ಕ್ಲಾಸ್: ಕ್ರಾಂತಿ ಪಾಠಕ್ಕಾದ್ರೂ ಹೋಗ್ರಿ

ಸ್ಟೇಷನ್ ರೋಡ್ ಕಡೆ ಮಹಡಿ ಮ್ಯಾಲ ನಡೆಯೋ ಸಂಜಿ ಬ್ಯಾಚ್ ಬಗ್ಗೆ ಬರೀತಿದೀನಿ, ಕೆಎಎಸ್ ಮೇನ್ಸ್ ಬರೆಯೋರಿಗೆ ವರ್ಲ್ಡ್ ಹಿಸ್ಟರಿ ಅಷ್ಟೇ ಹೇಳ್ತಾರ. ಅಮೆರಿಕ, ಫ್ರಾನ್ಸ್ ಕ್ರಾಂತಿ ಪಾಠ ಭಾಳ ಚೊಲೊ ಐತ್ರಿ, ಇಸವಿ ಬಾಯಿಪಾಠ ಮಾಡ್ಸಿ ಕಳ್ಸೋ ಪೈಕಿ ಅಲ್ಲ.

ಸರ್ ಶುರು ಮಾಡಿದ್ದೇ ಇಂಗ್ಲೆಂಡಿನ ಚಿಂತಕ ಜಾನ್ ಲಾಕ್‌ನಿಂದ. ರಾಜಗ ಅಧಿಕಾರ ದೇವರು ಕೊಟ್ಟಾನ ಅಂತಿದ್ದ ಕಾಲದಾಗ ಈ ಮನುಷ್ಯಾ, ಇಲ್ಲ, ಜನ ಒಪ್ಪಿ ಕೊಟ್ಟಿದ್ದು, ಅವರ ಜೀವ, ಸ್ವಾತಂತ್ರ್ಯ, ಆಸ್ತಿ ಕಾಯ್ಲಿಲ್ಲಂದ್ರ ಆ ಸರ್ಕಾರ ಕಿತ್ತೊಗೆಯೋ ಹಕ್ಕೂ ಜನರದ್ದೇ ಅಂತ 1689ರಾಗ ಅಚ್ಚು ಹಾಕಿಸ್ದ, ಅದೂ ತನ್ನ ಹೆಸರಿಲ್ದ. ಆ ವಾದ ಬೋರ್ಡಿನ ಎಡಕ್ಕ ಬರ್ದು, ಬಲಕ್ಕ ಜುಲೈ 4, 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರ್ದ್ರು. ಬ್ರಿಟನ್ ರಾಜ ಮೂರನೇ ಜಾರ್ಜ್ ಮ್ಯಾಲಿನ ದೂರು ಒಂದೊಂದೇ ಓದ್ಕೊಂತ, ಜನರ ಒಪ್ಪಿಗಿ ಇಲ್ದ ತೆರಿಗಿ ಹಾಕ್ದ, ಶಾಂತಿ ಕಾಲದಾಗೂ ಸೈನ್ಯ ತಂದು ಕುಂದ್ರಿಸ್ದ ಅಂತ, ಪ್ರತಿಯೊಂದಕ್ಕೂ ಎಡಕ್ಕ ಗೆರಿ ಎಳದ್ರು. ಹಿಂದಿನ ಬೆಂಚಿನ ದೇವದುರ್ಗದ ಹುಡುಗಿ ಒಬ್ಬಾಕಿ, ಆ ಘೋಷಣೆದಾಗ ಎಲ್ಲರೂ ಸಮಾನರು ಅಂತ ಬರ್ದ ಜೆಫರ್ಸನ್ ಮನ್ಯಾಗ ಗುಲಾಮರು ಯಾಕಿದ್ರು ಸರ್ ಅಂದ್ಳು, ಸರ್ ಮುಚ್ಚಿಡ್ಲಿಲ್ಲ, ಆರುನೂರಕ್ಕೂ ಹೆಚ್ಚು ಜನರನ್ನ ಆತ ಜೀವಮಾನದಾಗ ಗುಲಾಮರಾಗಿ ಇಟ್ಕೊಂಡಿದ್ದ ಅಂತ ನೇರಾ ಹೇಳಿದ್ರು.

ಫ್ರಾನ್ಸ್ ಪಾಠದಾಗ ನನಗ ಹಿಡಿಸಿದ್ದು, ಚಿಂತಕ ರೂಸೋ ಬರ್ದ, ಜನ ಎದ್ರು ಅಂತ ಮುಗಿಸ್ಲಿಲ್ಲ. ಅಮೆರಿಕಕ್ಕ ಯುದ್ಧದಾಗ ಸಹಾಯ ಮಾಡಿ ಏರಿದ ಸಾಲ, 1788ರ ಬೆಳಿ ನಾಶ, ರೊಟ್ಟಿ ರೇಟು ಮುಗಿಲು ಮುಟ್ಟಿದ್ದು, ಇವೆಲ್ಲಾ ಸೇರಿ ಸಿಟ್ಟು ಬಂತು, ಆ ಸಿಟ್ಟಿಗೆ ಏನು ಕೇಳ್ಬೇಕು ಅಂತ ಹೇಳ್ಕೊಟ್ಟಿದ್ದು ರೂಸೋ, ಮಾಂಟೆಸ್ಕ್ಯೂ ಅಂಥವರ ವಿಚಾರ. 1789ರ ಆಗಸ್ಟ್ 26ರ 17 ಕಲಮಿನ ಹಕ್ಕುಗಳ ಘೋಷಣೆ ಓದಿದ್ರ ಅದು ಗೊತ್ತಾಗ್ತದ.

ಬ್ಯಾಸರ ಆಗಿದ್ದು, ಕೆರಿಬಿಯನ್ ಕಡೆ ಫ್ರಾನ್ಸಿನ ವಸಾಹತಾಗಿದ್ದ ಹೈಟಿ ವಿಷಯಕ್ಕ. 1791ರಾಗ ಗುಲಾಮರೇ ಎದ್ದು, ಫ್ರಾನ್ಸಿನ ಮಾತನ್ನ ಫ್ರಾನ್ಸಿಗೇ ತಿರುಗಿಸಿ, 1804ರಾಗ ದೇಶ ಕಟ್ಟಿದ್ರು, ಅದನ್ನ ಎರಡು ಮಾತಿನ್ಯಾಗ ಮುಗಿಸಿಬಿಟ್ರು. ಫ್ರಾನ್ಸಿನ ಲೇಖಕಿ ಒಲಿಂಪ್ ದ ಗೂಜ್ 1791ರಾಗ ಹೆಣ್ಮಕ್ಕಳ ಹಕ್ಕಿನ ಘೋಷಣೆ ಬರ್ದಿದ್ದಂತೂ ನೋಟ್ಸಿನ್ಯಾಗೇ ಇಲ್ಲ. ಇವು ಸೇರ್ಲೇಬೇಕ್ರಿ, ಹಕ್ಕು ಅಂದ್ರ ಯಾರ ಹಕ್ಕು ಅನ್ನೋದು ಅಲ್ಲೇ ಇರೋದು.

ಕಡೀಗೆ ನಮ್ಮ ಕಡೆ ಆಳಿದ ಹೈದರಾಬಾದ್ ನಿಜಾಮನ ಕಾಲಕ್ಕ ಬಂದ್ರು. 1938ರಾಗ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಮ್ಯಾಲ ನಿಷೇಧ ಹಾಕಿದ್ದು, ಜನರಿಗೆ ಉತ್ತರ ಕೊಡೋ ಸರ್ಕಾರ ಬೇಕಂತ ಕೇಳಿದ್ದು, ನಮ್ಮ ರಾಯಚೂರು, ಕೊಪ್ಪಳಕ್ಕ ನಿಜಾಮನ ಆಳ್ವಿಕಿ ಮುಗಿಯೋಕ 1948ರ ಸೆಪ್ಟೆಂಬರ್ ತನಕ ಕಾಯೋದು ಬಂದದ್ದು, ಇಷ್ಟೂ ಅದೇ ಬೋರ್ಡಿಗೆ ಹೊಂದಿಸಿ ಹೇಳಿದ್ರು. ಇನ್ನೊಂದು ತಾಸು ಹೇಳಿದ್ರೂ ಕುಂದ್ರತಿದ್ವಿ.

ಜೆರಾಕ್ಸ್ ನೋಟ್ಸ್ ಮಸುಕು, ಸ್ವಂತ ಬರ್ಕೋರಿ. ಬರೀ ಪ್ರಿಲಿಮ್ಸ್ ಎಂಸಿಕ್ಯೂ ಬೇಕಂದೋರಿಗೆ ಇದು ನಿಧಾನ ಅನಿಸ್ತದ, ಮೇನ್ಸ್ ಬರೆಯೋರು ಮಾತ್ರ ಮೊದಲು ಡೆಮೋ ಕೇಳಿ ಸೇರ್ಕೋರಿ.