ಜೇಮ್ಸ್‌ಟೌನ್ ಮತ್ತು ಪ್ಲಿಮತ್: ಎರಡು ವಸ್ತುಸಂಗ್ರಹಾಲಯಗಳು, ಎರಡು ಬಗೆಯ ತಲೆ ಎಣಿಕೆ

ಅಮೆರಿಕದಲ್ಲಿ ಇಂಗ್ಲಿಷರು ಮೊದಮೊದಲು ಬಂದು ನೆಲೆಸಿದ ಜಾಗಗಳನ್ನು ನೋಡಬೇಕೆನ್ನುವವರು ವರ್ಜೀನಿಯದ ಜೇಮ್ಸ್‌ಟೌನನ್ನೋ ಮ್ಯಾಸಚೂಸೆಟ್ಸ್‌ನ ಪ್ಲಿಮತ್ತನ್ನೋ ಆರಿಸಿಕೊಂಡು, ಒಂದನ್ನು ಕಂಡರೆ ಇನ್ನೊಂದನ್ನೂ ಕಂಡಂತೆಯೇ ಎಂದುಕೊಳ್ಳುವುದುಂಟು. ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಎರಡನ್ನೂ ನೋಡುವ ಅವಕಾಶ ನನಗೆ ಒದಗಿತು. ಹದಿಮೂರು ವರ್ಷಗಳ ಅಂತರದಲ್ಲಿ ಒಂದೇ ದೇಶದಿಂದ ಬಂದವರು ಕಟ್ಟಿದ ಈ ಎರಡು ಊರುಗಳು ಒಂದೇ ಸಮಾಜದ ಎರಡು ಭಾಗಗಳಲ್ಲ ಎಂಬುದು ಎರಡನ್ನೂ ಕಾಲ್ನಡಿಗೆಯಲ್ಲಿ ಸುತ್ತಿದ ಮೇಲೆ ನನಗೆ ಮನವರಿಕೆಯಾಯಿತು.

ಜೇಮ್ಸ್‌ಟೌನಿನಲ್ಲಿ ತಾಣಗಳು ಎರಡು, ಟಿಕೆಟ್ಟೂ ಬೇರೆ ಬೇರೆ. ಜೇಮ್ಸ್‌ಟೌನ್ ಸೆಟಲ್‌ಮೆಂಟ್ ಎಂಬುದು ಹಳೆಯ ಕೋಟೆಯನ್ನೂ 1607ರಲ್ಲಿ ಬಂದ ಮೂರು ಹಡಗುಗಳನ್ನೂ ಹೊಸದಾಗಿ ಕಟ್ಟಿ ನಿಲ್ಲಿಸಿರುವ ಜಾಗ. ಹಿಸ್ಟಾರಿಕ್ ಜೇಮ್ಸ್‌ಟೌನ್ ಎಂಬುದು ಕೋಟೆ ನಿಜವಾಗಿ ಇದ್ದ ನೆಲ. ನಮ್ಮನ್ನು ಕರೆದೊಯ್ದ ಪ್ರವಾಸ ಸಂಸ್ಥೆಯವರು ಇದನ್ನು ತಿಳಿಸದೆ ಮೊದಲನೆಯದನ್ನಷ್ಟೇ ತೋರಿಸಿ ಹೊರಡಿಸಿದ್ದರಿಂದ, ಎರಡನೆಯದಕ್ಕಾಗಿ ಮರುದಿನ ನಾವೇ ಹೋಗಬೇಕಾಯಿತು. ಹೋಗಿದ್ದು ಒಳ್ಳೆಯದಾಯಿತು. ನದಿ ಕೊಚ್ಚಿಕೊಂಡು ಹೋಗಿದೆ ಎಂದು ಬಹುಕಾಲ ನಂಬಲಾಗಿದ್ದ ತ್ರಿಕೋನ ಕೋಟೆಯ ಗುರುತುಗಳು 1994ರಲ್ಲಿ ಆರಂಭವಾದ ಉತ್ಖನನದಲ್ಲಿ ಸಿಕ್ಕಿದ್ದು ಇಲ್ಲಿಯೇ.

ಇಲ್ಲಿನ ಆರ್ಕಿಯೇರಿಯಂ ಸಂಗ್ರಹಾಲಯದ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅದರಲ್ಲಿರುವುದು ಸುಮಾರು 14 ವರ್ಷದ ಇಂಗ್ಲಿಷ್ ಹುಡುಗಿಯೊಬ್ಬಳ ತಲೆಬುರುಡೆ. ಸಂಶೋಧಕರು ಆಕೆಗೆ ಜೇನ್ ಎಂದು ಹೆಸರಿಟ್ಟಿದ್ದಾರೆ. ಹಣೆಯ ಮೂಳೆಯ ಮೇಲೆ, ಆಕೆ ಸತ್ತ ನಂತರ ಯಾರೋ ಹಿಂಜರಿಯುತ್ತ ಹಾಕಿದಂತಿರುವ ನಾಲ್ಕು ಸಣ್ಣ ಕಚ್ಚುಗಳಿವೆ. 1609–10ರ ಚಳಿಗಾಲದ ಬರದಲ್ಲಿ ಇದ್ದ ಸುಮಾರು 300 ಜನರಲ್ಲಿ ಉಳಿದವರು 60ರಷ್ಟು ಮಾತ್ರ. ಸತ್ತವರ ಮಾಂಸವನ್ನು ತಿನ್ನುವ ಸ್ಥಿತಿ ಬಂದಿತ್ತು ಎಂಬುದಕ್ಕೆ ಈ ಮೂಳೆ ಸಾಕ್ಷಿ. ವಿವರಣೆಯ ಫಲಕದಲ್ಲಿ ಒಂದು ಪದವೂ ಅತಿಯಾಗಿಲ್ಲ.

ಮೊದಲು ಬಂದ 104 ಮಂದಿಯಲ್ಲಿ ಹೆಂಗಸರೇ ಇರಲಿಲ್ಲ. ಲಂಡನ್ನಿನ ವರ್ಜೀನಿಯ ಕಂಪನಿ ಲಾಭಕ್ಕಾಗಿ ಕಳಿಸಿದ ಗಂಡಸರು ಮತ್ತು ಹುಡುಗರವರು. ಆ ಕಂಪನಿಯ ಮುಖ್ಯಸ್ಥರಾಗಿದ್ದ ಸರ್ ಥಾಮಸ್ ಸ್ಮಿತ್ ಅವರೇ ನಮ್ಮ ದೇಶಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ. ಅಲ್ಲಿ ನೆಲೆಸಿದ್ದ ಜಾನ್ ರಾಲ್ಫ್ ಎಂಬಾತ ಬೆಳೆದ ತಂಬಾಕು ಲಂಡನ್ನಿನಲ್ಲಿ ಮಾರಾಟವಾಗತೊಡಗಿದ ಮೇಲೆ ದುಡಿಯುವ ಕೈಗಳು ಬೇಕಾದವು. ಆಗ, 1618ರಲ್ಲಿ, ಒಬ್ಬ ಮನುಷ್ಯನ ಹಡಗಿನ ಖರ್ಚು ಕೊಟ್ಟು ಕರೆತಂದವನಿಗೆ ತಲೆಗೆ 50 ಎಕರೆ ಭೂಮಿ ಎಂಬ ನಿಯಮ ಬಂತು. ಬಂದ ಆಳು ಜೀತದ ಕರಾರಿನಲ್ಲಿ ವರ್ಷಗಟ್ಟಲೆ ದುಡಿಯಬೇಕು, ಭೂಮಿ ಮಾತ್ರ ಒಡೆಯನದು. 1619ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಪಾಯಿಂಟ್ ಕಂಫರ್ಟ್‌ನಲ್ಲಿ ಇಳಿಸಿ ಮಾರಿದ ಘಟನೆಯಿಂದ ಹಿಡಿದು, ಮಗುವಿನ ದಾಸ್ಯ ಅಥವಾ ಸ್ವಾತಂತ್ರ್ಯವು ತಾಯಿಯ ಸ್ಥಿತಿಯನ್ನೇ ಅನುಸರಿಸುತ್ತದೆ ಎಂದ 1662ರ ಕಾನೂನಿನವರೆಗಿನ ದಾರಿ ಎಷ್ಟು ನೇರವಾಗಿತ್ತು ಎಂಬುದು ಸೆಟಲ್‌ಮೆಂಟಿನ ಒಳಾಂಗಣ ಪ್ರದರ್ಶನವನ್ನು ನಿಧಾನವಾಗಿ ನೋಡಿದರೆ ಅರ್ಥವಾಗುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್, ಇಂಗ್ಲಿಷ್, ಅಂಗೋಲಾ ಮೂಲದ ಮೂರು ಜನಸಮುದಾಯಗಳಿಗೂ ಅಲ್ಲಿ ಸಮನಾದ ಜಾಗ ಕೊಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾಯಿತು.

ಪ್ಲಿಮತ್ತಿನ ವಸ್ತುಸಂಗ್ರಹಾಲಯವಾದ ಪ್ಲಿಮತ್ ಪಟಕ್ಸೆಟ್‌ನಲ್ಲಿ ಮರುಕಟ್ಟಿರುವ ಇಂಗ್ಲಿಷ್ ಹಳ್ಳಿ 1627ನೇ ಇಸವಿಯಲ್ಲಿ ನಿಂತಿದೆ. ಸಮುದ್ರದ ಕಡೆಗೆ ಇಳಿಯುವ ಒಂದೇ ಬೀದಿ, ಇಕ್ಕೆಲದಲ್ಲಿ ಹುಲ್ಲುಮಾಡಿನ ಮರದ ಮನೆಗಳು, ಮನೆಗೊಂದು ಕೈತೋಟ. ಒಲೆಯ ಮುಂದೆ ಕುಳಿತಿದ್ದ ಪಾತ್ರಧಾರಿ ಹೆಂಗಸೊಬ್ಬರು ಆ ಕಾಲದ ಇಂಗ್ಲಿಷಿನಲ್ಲಿಯೇ ಮಾತನಾಡುತ್ತ, ತಮ್ಮ ಪಾಲಿನ ಹಸುವಿನ ಬಗ್ಗೆ ನನಗೆ ಹೇಳಿದರು. ಅದು ಕಟ್ಟುಕತೆಯಲ್ಲ: ಆ ವರ್ಷ ದನಕರುಗಳನ್ನು ಹಂಚುವಾಗ ಹೆಂಗಸರನ್ನೂ ಮಕ್ಕಳನ್ನೂ ಒಬ್ಬೊಬ್ಬರಾಗಿ ಎಣಿಸಿ, ತಲಾ 13 ಜನರ 12 ಗುಂಪು ಮಾಡಿದ್ದರು. ವರ್ಜೀನಿಯದಲ್ಲಿಯೂ ತಲೆ ಎಣಿಸಿದರು, ಇಲ್ಲಿಯೂ ಎಣಿಸಿದರು. ಅಲ್ಲಿ ಆ ಎಣಿಕೆಯ ಫಲ ಹಡಗಿನ ಖರ್ಚು ಕೊಟ್ಟವನಿಗೆ ಸೇರಿತು, ಇಲ್ಲಿ ಕೂಸಿನ ಹೆಸರಿಗೂ ಒಂದು ಪಾಲು ಬಂತು. ಸಂಸಾರ ಸಮೇತ ಬಂದವರು, ಮರಳು ನೆಲ, ತಂಬಾಕು ತೋಟಕ್ಕೆ ಒಗ್ಗದ ಹವೆ, ಇವೆಲ್ಲ ಸೇರಿ ಆದದ್ದಿದು. ನೆರೆಯ ಮ್ಯಾಸಚೂಸೆಟ್ಸ್ ಬೇ ವಸಾಹತು 1647ರಲ್ಲಿಯೇ 50 ಕುಟುಂಬಗಳಿದ್ದ ಊರು ಓದುಬರಹ ಕಲಿಸುವವನನ್ನು ನೇಮಿಸಿಕೊಳ್ಳಬೇಕೆಂದು ವಿಧಿಸಿತ್ತು. ವರ್ಜೀನಿಯದ ಗವರ್ನರ್ ವಿಲಿಯಂ ಬರ್ಕ್ಲಿ 1671ರಲ್ಲಿ ತಮ್ಮಲ್ಲಿ ಉಚಿತ ಶಾಲೆಗಳಾಗಲಿ ಮುದ್ರಣವಾಗಲಿ ಇಲ್ಲದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಿದ್ದರು.

ಆದರೆ 1627ರಲ್ಲಿ ನಿಂತ ಹಳ್ಳಿಗೆ ಮುಂದಿನದು ಕಾಣುವುದಿಲ್ಲ. 1641ರಲ್ಲಿ ಮ್ಯಾಸಚೂಸೆಟ್ಸ್ ಗುಲಾಮಗಿರಿಗೆ ಕಾನೂನಿನ ಒಪ್ಪಿಗೆ ಕೊಟ್ಟದ್ದಾಗಲಿ, 1676ರಲ್ಲಿ ಮೂಲನಿವಾಸಿ ವಾಂಪನೋಗ್ ಜನರ ನಾಯಕ ಮೆಟಕಾಮ್‌ನ ತಲೆಯನ್ನು ಇದೇ ಪ್ಲಿಮತ್ತಿನಲ್ಲಿ ಕಂಬಕ್ಕೆ ಸಿಕ್ಕಿಸಿದ್ದಾಗಲಿ ಬೀದಿಯಲ್ಲಿ ಗೊತ್ತಾಗದು. ಹಾಗಾಗಿ ಪಕ್ಕದ ಪಟಕ್ಸೆಟ್ ನೆಲೆಗೆ ಅರ್ಧ ದಿನವನ್ನಾದರೂ ಕೊಡಿ. ಅಲ್ಲಿನ ಮೂಲನಿವಾಸಿ ಸಿಬ್ಬಂದಿ ಪಾತ್ರಧಾರಿಗಳಲ್ಲ. ಇಂದಿನವರಾಗಿಯೇ ಮಾತನಾಡುತ್ತಾರೆ, ಎಂಥ ಪ್ರಶ್ನೆಗೂ ಉತ್ತರ ಕೊಡುತ್ತಾರೆ. ಚಳಿಗಾಲದಲ್ಲಿ ಹಳ್ಳಿ ಮುಚ್ಚಿರುತ್ತದೆ. ಸಾಧ್ಯವಾದರೆ ಜೇಮ್ಸ್‌ಟೌನನ್ನು ಮೊದಲು ನೋಡಿಕೊಂಡು ಇಲ್ಲಿಗೆ ಬನ್ನಿ.