ಹಳೇ ಕೇಸ್ ಇದ್ದರೆ ವೀಸಾ ಫಾರಂನಲ್ಲಿ ‘ಇಲ್ಲ’ ಅಂತ ಬರೆಸಬೇಡಿ

ಮಗಳ ಬಾಣಂತನಕ್ಕೆ ಕೆನಡಾಕ್ಕೆ ಹೊರಟಿದ್ದ ನಮ್ಮ ಅಣ್ಣ ಇನ್ನು ಐದು ವರ್ಷ ಆ ದೇಶಕ್ಕೆ ಹೋಗುವಂತಿಲ್ಲ. ಅದಕ್ಕೆ ಕಾರಣ ಹಳೇ ಕೇಸ್ ಅಲ್ಲ. ಆ ಕೇಸ್ ಮುಚ್ಚಿಟ್ಟು ವೀಸಾ ಏಜೆಂಟ್ ಫಾರಂನಲ್ಲಿ ಹಾಕಿದ ‘ಇಲ್ಲ’ ಎಂಬ ಉತ್ತರ. ಊರಲ್ಲಿ ಎಷ್ಟೋ ಮನೆಗಳಲ್ಲಿ ಇಂಥ ಒಂದು ಹಳೇ ಕೇಸ್ ಇರುತ್ತದೆ, ಮಕ್ಕಳು ಹೊರದೇಶದಲ್ಲಿ ಇರುತ್ತಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಿ ತಪ್ಪಿಸಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಕೇಸ್ ಏನು ದೊಡ್ಡದಲ್ಲ. ಗದ್ದೆಯ ಬದು ಒತ್ತಿದರು ಎಂದು ದಾಯಾದಿಗಳ ಜೊತೆ ಜಗಳ ಆಯಿತು. ಕೈ ಕೈ ಮಿಲಾಯಿಸಿದರು, ಠಾಣೆಗೆ ಹೋದರು, ಎರಡೂ ಕಡೆಯವರ ಮೇಲೂ ಎಫ್‌ಐಆರ್ ಆಯಿತು. ಆಗಿನ ದಂಡ ಸಂಹಿತೆ ಐಪಿಸಿಯ 323, 504, 506. ಹೊಡೆದದ್ದು, ಬೈದದ್ದು, ಬೆದರಿಸಿದ್ದು. ಹಳ್ಳಿ ಜಗಳಗಳಲ್ಲಿ ಈ ಮೂರು ಸೆಕ್ಷನ್ ಜೊತೆಯಾಗಿಯೇ ಬರುತ್ತಿದ್ದವು. ಚಾರ್ಜ್‌ಶೀಟ್ ಆಯಿತು, ಕೆಲವು ವರ್ಷ ವಾಯಿದೆಗೆ ಅಲೆದಾಡಿದರು. ಕೊನೆಗೆ ಊರಿನ ಹಿರಿಯರು ಕೂತು ಮಾತಾಡಿ, ಕೋರ್ಟಿನಲ್ಲೇ ರಾಜಿ ಆಗಿ ಕೇಸ್ ಮುಗಿಯಿತು. ಈಗ ಆ ದಾಯಾದಿಗಳ ಮನೆಯ ಮದುವೆಗೆ ನಾವೇ ಮುಂದೆ ನಿಂತು ಬಡಿಸುತ್ತೇವೆ.

ಮಗಳು ಬಸುರಿ ಎಂದು ಗೊತ್ತಾದಾಗ ಅಣ್ಣ ಅತ್ತಿಗೆ ಇಬ್ಬರೂ ಪಟ್ಟಣದ ಒಬ್ಬ ಏಜೆಂಟ್ ಹತ್ತಿರ ಹೋದರು. ಅಣ್ಣ ಏನನ್ನೂ ಮುಚ್ಚಿಡಲಿಲ್ಲ. ‘ನನ್ನ ಮೇಲೆ ಹಿಂದೆ ಒಂದು ಕೇಸ್ ಇತ್ತು, ರಾಜಿ ಆಗಿದೆ’ ಎಂದು ಅವನಿಗೆ ತಾನೇ ಹೇಳಿದ. ‘ಬಿಡಿ ಯಜಮಾನ್ರೇ, ಮುಗಿದ ಕೇಸ್ ತಾನೇ? ಹೇಳಿದ್ರೆ ಸುಮ್ನೆ ರಿಜೆಕ್ಟ್ ಮಾಡ್ತಾರೆ. ನಾನು ನೋಡ್ಕೋತೀನಿ’ ಎಂದ ಏಜೆಂಟ್. ಫಾರಂ ಇಂಗ್ಲಿಷಿನಲ್ಲಿತ್ತು. ಭರ್ತಿ ಮಾಡಿದ್ದನ್ನು ಯಾರಿಗೂ ಓದಿ ಹೇಳಲಿಲ್ಲ. ಅಕೌಂಟ್ ತೆರೆದದ್ದು ಅವನದೇ ಇಮೇಲ್‌ನಲ್ಲಿ. ಪಾಸ್‌ವರ್ಡ್ ಕೂಡ ಅವನ ಹತ್ತಿರವೇ.

ಏಜೆಂಟ್ ‘ಇಲ್ಲ’ ಎಂದು ಹಾಕಿದ, ಕೆನಡಾ ಫಾರಂನ ಆ ಪ್ರಶ್ನೆ ಏನೆಂದು ನಿಧಾನವಾಗಿ ಓದಿ. ಯಾವುದೇ ದೇಶದಲ್ಲಿ, ಯಾವಾಗಲಾದರೂ, ನೀವು ಅಪರಾಧ ಮಾಡಿದ್ದೀರಾ, ಬಂಧನಕ್ಕೆ ಒಳಗಾಗಿದ್ದೀರಾ, ನಿಮ್ಮ ಮೇಲೆ ಆರೋಪ ಹೊರಿಸಲಾಗಿದೆಯಾ, ಶಿಕ್ಷೆ ಆಗಿದೆಯಾ? ಶಿಕ್ಷೆ ಒಂದನ್ನೇ ಕೇಳುವುದಿಲ್ಲ, ಗಮನಿಸಿ. ಚಾರ್ಜ್‌ಶೀಟ್ ಆಗಿದ್ದರೆ, ಆಮೇಲೆ ಖುಲಾಸೆ ಆದರೂ, ಉತ್ತರ ‘ಹೌದು’ ಎಂದೇ ಇರಬೇಕು. ಅಮೆರಿಕದ ವೀಸಾ ಫಾರಂ ಡಿಎಸ್-160 ಕೂಡ ಹೀಗೇ. ಕ್ಷಮಾದಾನ ಸಿಕ್ಕಿದ್ದರೂ ಸರಿ, ಬಂಧನ ಆಗಿದ್ದರೆ ಹೇಳಿ ಎನ್ನುತ್ತದೆ.

ಸ್ವಲ್ಪ ದಿನದ ಮೇಲೆ ವೀಸಾ ಆಫೀಸ್ ಪೊಲೀಸ್ ಸರ್ಟಿಫಿಕೇಟ್ ಕೇಳಿತು. ಪರಿಶೀಲನೆಯಲ್ಲಿ ಹಳೇ ಕೇಸ್ ನಂಬರ್ ಬಂತು, ಸರ್ಟಿಫಿಕೇಟಿನಲ್ಲೂ ಅದರ ಉಲ್ಲೇಖ ಆಯಿತು. ಏಜೆಂಟ್ ಅದನ್ನು ಹಾಗೇ ಅಪ್‌ಲೋಡ್ ಮಾಡಿದ. ಒಂದು ಕಡೆ ‘ಇಲ್ಲ’ ಎಂಬ ಉತ್ತರ, ಇನ್ನೊಂದು ಕಡೆ ಪೊಲೀಸರ ಕಾಗದ.

ಆಗ ಬಂತು ಕಾರಣ ಕೇಳುವ ಪತ್ರ. ನೀವು ಸುಳ್ಳು ಹೇಳಿದ್ದೀರಿ ಎಂದು ನಮಗೆ ಅನುಮಾನ ಇದೆ, ಇಷ್ಟು ದಿನದ ಒಳಗೆ ಉತ್ತರ ಕೊಡಿ ಎಂದು ತೀರ್ಮಾನಕ್ಕೆ ಮುಂಚೆ ಒಂದು ಅವಕಾಶ ಕೊಡುತ್ತಾರೆ. ಇಡೀ ವ್ಯವಹಾರದಲ್ಲಿ ಇದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿಲ್ಲ. ನಮ್ಮ ಅಣ್ಣ ಅದನ್ನು ನೋಡಲೇ ಇಲ್ಲ. ಅದು ಏಜೆಂಟ್ ಇಮೇಲ್‌ಗೆ ಹೋಯಿತು. ಕೋರ್ಟ್ ಆದೇಶವನ್ನೂ ಜೋಡಿಸದೆ, ಟೈಪಿಂಗ್ ತಪ್ಪಾಗಿದೆ ಎಂದು ಅವನೇ ನಾಲ್ಕು ಸಾಲು ಬರೆದು ಕಳಿಸಿದ. ವೀಸಾ ತಿರಸ್ಕಾರ ಆಯಿತು. ಜೊತೆಗೆ ಸುಳ್ಳು ಮಾಹಿತಿಗಾಗಿ ಐದು ವರ್ಷದ ನಿಷೇಧ.

ನನಗೆ ಹೊಟ್ಟೆ ಉರಿಯುವುದು ಎಲ್ಲಿ ಅಂದರೆ, ನಿಜ ಹೇಳಿದ್ದರೆ ಆ ಕೇಸ್ ಅಣ್ಣನನ್ನು ತಡೆಯುವಂಥದ್ದೇ ಆಗಿರಲಿಲ್ಲ. ರಾಜಿ ಮಾಡಿಕೊಳ್ಳಲು ಕಾನೂನು ಒಪ್ಪುವ ಅಪರಾಧದಲ್ಲಿ ರಾಜಿ ಆದರೆ ಅದರ ಪರಿಣಾಮ ಖುಲಾಸೆ. ಕ್ರಿಮಿನಲ್ ಕೇಸ್ ನಡೆಸುವ ಹಳೇ ಕಾನೂನು ಸಿಆರ್‌ಪಿಸಿಯ 320(8) ಅದನ್ನೇ ಹೇಳುತ್ತಿತ್ತು. ಅಂದರೆ ಅಣ್ಣನಿಗೆ ಶಿಕ್ಷೆಯೇ ಆಗಿಲ್ಲ. ‘ಹೌದು, ಕೇಸ್ ಇತ್ತು, ಹೀಗೆ ಮುಗಿಯಿತು, ಆದೇಶ ಇಲ್ಲಿದೆ’ ಎಂದು ಒಂದು ಪುಟ ಬರೆದಿದ್ದರೆ ಸಾಕಿತ್ತು. ಆದರೆ ಕೆನಡಾದ ವಲಸೆ ಕಾನೂನಿನ 40ನೇ ಸೆಕ್ಷನ್ ಪ್ರಕಾರ ಮುಖ್ಯ ವಿಷಯ ಮುಚ್ಚಿಡುವುದೇ ಬೇರೆ ತಪ್ಪು. ನೇರವಾಗಿ ಮುಚ್ಚಿಟ್ಟರೂ ಒಂದೇ, ಬೇರೆಯವರ ಮೂಲಕ ಮುಚ್ಚಿಟ್ಟರೂ ಒಂದೇ. ಏಜೆಂಟ್ ಬರೆದ, ನನಗೆ ಗೊತ್ತಿರಲಿಲ್ಲ ಎಂಬ ಮಾತು ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಅರ್ಜಿ ನಿಮ್ಮದು, ಉತ್ತರವೂ ನಿಮ್ಮದು.

ಅಲ್ಲಿನ ಫೆಡರಲ್ ಕೋರ್ಟಿಗೆ ಹೋಗಬಹುದಿತ್ತು. ಕೆನಡಾದ ಹೊರಗಿನ ಆಫೀಸ್ ಕೊಟ್ಟ ತೀರ್ಮಾನವಾದರೆ 60 ದಿನದ ಒಳಗೆ ಹೋಗಬೇಕು. ಏಜೆಂಟ್ ನಮಗೆ ಸುದ್ದಿ ಹೇಳುವ ಹೊತ್ತಿಗೆ ಅದರಲ್ಲಿ ಜಾಸ್ತಿ ದಿನ ಹೋಗಿಬಿಟ್ಟಿದ್ದವು. ಅಲ್ಲಿನ ವಕೀಲರ ಫೀಸ್ ಕೇಳಿದ ಮೇಲೆ ಅಣ್ಣ ಬೇಡ ಎಂದುಬಿಟ್ಟ. ಅತ್ತಿಗೆ ಒಬ್ಬರೇ ಬೇರೆ ಅರ್ಜಿ ಹಾಕಿ, ವೀಸಾ ಸಿಕ್ಕಿ, ಹೋಗಿ ಬಾಣಂತನ ಮಾಡಿ ಬಂದರು. ಅವರು ಅದಕ್ಕೆ ಮುಂಚೆ ಬೆಂಗಳೂರಿಗೂ ಒಬ್ಬರೇ ಹೋದವರಲ್ಲ.

ನಿಷೇಧದ ಪೆಟ್ಟು ಒಂದು ದೇಶಕ್ಕೆ ಮುಗಿಯುವುದಿಲ್ಲ. ನಾಳೆ ಬ್ರಿಟನ್‌ಗೋ ಆಸ್ಟ್ರೇಲಿಯಾಕ್ಕೋ ಅರ್ಜಿ ಹಾಕಿದರೆ ‘ಬೇರೆ ಯಾವುದಾದರೂ ದೇಶ ವೀಸಾ ನಿರಾಕರಿಸಿದೆಯಾ’ ಎಂಬ ಪ್ರಶ್ನೆ ಇರುತ್ತದೆ. ಸುಳ್ಳಿಗೆ ಅವರ ಶಿಕ್ಷೆಯೂ ಕಡಿಮೆ ಇಲ್ಲ. ಬ್ರಿಟನ್‌ನಲ್ಲಿ ಮೋಸದ ಅರ್ಜಿಗೆ 10 ವರ್ಷದವರೆಗೆ ಬಾಗಿಲು ಮುಚ್ಚಬಹುದು. ಆಸ್ಟ್ರೇಲಿಯಾದಲ್ಲಿ ಸುಳ್ಳು ಮಾಹಿತಿಗೆ ಮೂರು ವರ್ಷ. ಅಮೆರಿಕ ಇನ್ನೂ ಕಠಿಣ. ಬೇಕೆಂದೇ ಸುಳ್ಳು ಹೇಳಿದರು ಎಂದು ತೀರ್ಮಾನ ಆದರೆ, ವಿಶೇಷ ವಿನಾಯಿತಿ ಸಿಗದ ಹೊರತು, ಜೀವನಪೂರ್ತಿ ನಿಷೇಧ.

‘ನನ್ನ ಮೇಲೆ ಕೇಸೇ ಇಲ್ಲ’ ಎಂದುಕೊಂಡವರೂ ಒಮ್ಮೆ ಯೋಚಿಸಿ. ಯುಗಾದಿ ಹಬ್ಬದಲ್ಲಿ ಇಸ್ಪೀಟ್ ಆಡುವಾಗ ಪೊಲೀಸರು ಹಿಡಿದು, ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಬಂದಿದ್ದೀರಾ? ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅದಕ್ಕೆ ಸೆಕ್ಷನ್ ಇದೆ, ಮತ್ತು ತಪ್ಪು ಒಪ್ಪಿ ದಂಡ ಕಟ್ಟಿದರೆ ಕಾನೂನಿನ ಪ್ರಕಾರ ಅದು ಶಿಕ್ಷೆಯೇ. ದಂಡ ಕಟ್ಟಿದೆ, ಮುಗೀತು ಎಂದು ನಾವು ಅಂದುಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ರಾಜಿ ಆದ ಅಣ್ಣನ ಕೇಸಿಗಿಂತ ಇದು ಭಾರ. ಕುಡಿದು ಗಾಡಿ ಓಡಿಸಿ ಕೋರ್ಟಿನಲ್ಲಿ ದಂಡ ಕಟ್ಟಿದವರಂತೂ ಕೆನಡಾ ವಿಷಯದಲ್ಲಿ ಬಹಳ ಹುಷಾರಾಗಿರಬೇಕು. 2018ರ ಡಿಸೆಂಬರ್ 18ರಿಂದ ಅಲ್ಲಿ ಅದಕ್ಕೆ ಗರಿಷ್ಠ ಶಿಕ್ಷೆ 10 ವರ್ಷ. ಆದ್ದರಿಂದ ಇಲ್ಲಿ ಬರೀ ದಂಡ ಆಗಿದ್ದರೂ ಅಲ್ಲಿ ಅದನ್ನು ಗಂಭೀರ ಅಪರಾಧದ ಸಾಲಿಗೆ ಸೇರಿಸಬಹುದು. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗರಿಗೆ ಇದು ಯಾರೂ ಹೇಳುವುದಿಲ್ಲ. ಇಂಥವರು ಅರ್ಜಿ ಹಾಕುವ ಮುಂಚೆಯೇ ಸರಿಯಾದ ಸಲಹೆ ಪಡೆಯಬೇಕು. ಕಾವೇರಿ ಗಲಾಟೆಯಲ್ಲಿ ರಸ್ತೆ ತಡೆದು ಎಫ್‌ಐಆರ್ ಆದವರು, ಚೆಕ್ ಬೌನ್ಸ್ ಕೇಸ್ ಇರುವವರು ಕೂಡ ತಮ್ಮ ಕೇಸ್ ಯಾವ ಹಂತದಲ್ಲಿದೆ ಎಂದು ನೋಡಿಕೊಳ್ಳಿ. ಚೆಕ್ ಬೌನ್ಸ್ ದುಡ್ಡಿನ ವ್ಯವಹಾರ ಅನಿಸಿದರೂ ನಡೆಯುವುದು ಕ್ರಿಮಿನಲ್ ಕೋರ್ಟಿನಲ್ಲಿ.

ಕಾಗದ ಹೊಂದಿಸುವುದಕ್ಕೆ ಟಿಕೆಟ್ ಬುಕ್ ಮಾಡುವ ಎಷ್ಟೋ ಮೊದಲೇ ಶುರು ಮಾಡಿ. ಕೇಸ್ ನಂಬರ್ ಮರೆತಿದ್ದರೆ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು, ವರ್ಷ ಹಾಕಿ ಹುಡುಕಬಹುದು. ಬಹಳ ಹಳೇ ಕೇಸ್ ಆದರೆ ಅಲ್ಲಿ ಸಿಗದೇ ಇರಬಹುದು, ಆಗ ನಿಮ್ಮ ಹಳೇ ವಕೀಲರ ಡೈರಿಯೇ ಗತಿ. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಎಫ್‌ಐಆರ್, ಚಾರ್ಜ್‌ಶೀಟ್, ಕೊನೆಯ ಆದೇಶ ಮೂರಕ್ಕೂ ದೃಢೀಕೃತ ನಕಲು ತೆಗೆಸಿ. ಹಳೇ ಕಡತಗಳನ್ನು ನಾಶ ಮಾಡುವ ಪದ್ಧತಿ ಇದೆ. ನಿಮ್ಮದು ಹಾಗಾಗಿದ್ದರೆ ‘ಕಡತ ನಾಶವಾಗಿದೆ’ ಎಂದು ಕೋರ್ಟಿನಿಂದಲೇ ಹಿಂಬರಹ ಪಡೆಯಿರಿ, ಅದೂ ದಾಖಲೆಯೇ. ನಮ್ಮ ತಾಲ್ಲೂಕು ಕೋರ್ಟಿನ ಆದೇಶಗಳು ಎಷ್ಟೋ ಸಲ ಕನ್ನಡದಲ್ಲೇ ಇರುತ್ತವೆ. ಇಂಗ್ಲಿಷ್ ಅನುವಾದ ಮಾಡಿಸಬೇಕು, ಅನುವಾದ ಮಾಡಿದವರ ಅಫಿಡವಿಟ್ ಕೂಡ ಜೊತೆಗೆ ಬೇಕಾಗುತ್ತದೆ. ನಾವು ಇದನ್ನೆಲ್ಲ ಮಾಡಿದ್ದು ತಿರಸ್ಕಾರ ಆದ ಮೇಲೆ. ಕೋರ್ಟಿನ ಗುಮಾಸ್ತರು ಒಳ್ಳೆಯವರು, ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದು ಹುಡುಕಿ ಕೊಟ್ಟರು.

ಕೇಸ್ ಇನ್ನೂ ನಡೆಯುತ್ತಿದ್ದರೆ ವೀಸಾಗಿಂತ ಮೊದಲು ಪಾಸ್‌ಪೋರ್ಟ್ ನೋಡಿಕೊಳ್ಳಿ. 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಪ್ರಕಾರ ಕ್ರಿಮಿನಲ್ ಕೋರ್ಟಿನಲ್ಲಿ ಕೇಸ್ ಬಾಕಿ ಇರುವವರಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಆದರೆ ದಾರಿ ಇದೆ. 1993ರ ಆಗಸ್ಟ್ 25ರ ಸರ್ಕಾರಿ ಅಧಿಸೂಚನೆಯಂತೆ ಕೋರ್ಟ್ ಅನುಮತಿ ತಂದರೆ ಪಾಸ್‌ಪೋರ್ಟ್ ಸಿಗುತ್ತದೆ. ಎಷ್ಟು ವರ್ಷಕ್ಕೆ ಎಂದು ಆದೇಶದಲ್ಲಿ ಬರೆದಿರದಿದ್ದರೆ ಒಂದೇ ವರ್ಷಕ್ಕೆ ಕೊಡುತ್ತಾರೆ. ಅದಕ್ಕೇ ನಿಮ್ಮ ವಕೀಲರಿಗೆ ಅವಧಿಯನ್ನೂ ಕೇಳಿಕೊಳ್ಳಿ ಎಂದು ಹೇಳಿ. ಅಲ್ಲೂ ಮುಚ್ಚಿಡಬೇಡಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸುಳ್ಳು ಹೇಳಿದರೆ ಎರಡು ವರ್ಷದವರೆಗೆ ಜೈಲಿಗೆ ಅವಕಾಶ ಇದೆ.

ಏಜೆಂಟ್ ಹತ್ತಿರ ಹೋಗಲೇಬೇಕಾದರೆ ಅಕೌಂಟ್ ನಿಮ್ಮ ಇಮೇಲ್‌ನಲ್ಲೇ ತೆರೆಸಿ, ಮಕ್ಕಳ ಇಮೇಲ್ ಆದರೂ ಸರಿ. ಕಳಿಸುವ ಮುಂಚೆ ಫಾರಂನ ಪ್ರತಿ ಪುಟವನ್ನೂ ಮಗನೋ ಮಗಳೋ ಓದಿ ಹೇಳಲಿ. ಕೆನಡಾ ಅರ್ಜಿಗೆ ದುಡ್ಡು ತೆಗೆದುಕೊಂಡು ಸಲಹೆ ಕೊಡುವ ಹಕ್ಕು ಇರುವುದು ಅಲ್ಲಿನ ವಕೀಲರಿಗೆ, ಅಲ್ಲಿನ ಕ್ವಿಬೆಕ್ ಪ್ರಾಂತ್ಯದ ನೋಟರಿಗಳಿಗೆ, ಅಲ್ಲಿನ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಸಂಸ್ಥೆಯ ಲೈಸೆನ್ಸ್ ಇರುವವರಿಗೆ. ಆ ಸಂಸ್ಥೆಯ ಪಟ್ಟಿ ಆನ್‌ಲೈನ್‌ನಲ್ಲೇ ಇದೆ, ಹೆಸರು ಹಾಕಿ ನೋಡಿ. ನಮ್ಮವನ ಹೆಸರು ಅದರಲ್ಲಿ ಇರಲಿಲ್ಲ.

ಈಗಾಗಲೇ ‘ಇಲ್ಲ’ ಎಂದು ಹಾಕಿ ಅರ್ಜಿ ಹೋಗಿಬಿಟ್ಟಿದ್ದರೆ, ಪತ್ರ ಬರಲಿ ನೋಡೋಣ ಎಂದು ಕಾಯಬೇಡಿ. ಕೆನಡಾ ಆದರೆ ಅಲ್ಲಿನ ವಲಸೆ ಇಲಾಖೆಯ ವೆಬ್‌ಫಾರಂ ಮೂಲಕ ತಿದ್ದುಪಡಿ ಕಳಿಸಬಹುದು. ಯಾವ ಉತ್ತರ ತಪ್ಪಾಗಿದೆ, ಸರಿಯಾದದ್ದು ಏನು, ಕೇಸ್ ಹೇಗೆ ಮುಗಿಯಿತು ಎಂದು ಬರೆದು ಕೋರ್ಟ್ ಆದೇಶ, ಅನುವಾದ ಜೋಡಿಸಿ. ಅವರು ಪತ್ತೆ ಮಾಡುವ ಮುಂಚೆ ನೀವೇ ತಿದ್ದಿದರೆ ಅದಕ್ಕೆ ಬೆಲೆ ಇದೆ. ಆದೇಶದ ನಕಲು ಸಿಗುವುದು ತಡ ಆಗುವಂತಿದ್ದರೆ ತಿದ್ದುಪಡಿಯನ್ನು ಇವತ್ತೇ ಕಳಿಸಿ, ನಕಲು ಆಮೇಲೆ ಕಳಿಸುತ್ತೇವೆ ಎಂದು ಅದರಲ್ಲೇ ಬರೆಯಿರಿ.