ಪೆಕ್‌ಹ್ಯಾಮ್ ಫಾರ್ಮಸಿಯ ಫ್ರೀ ಬಿಪಿ ಚೆಕ್: ಸರ್ವಿಸ್ ಸೂಪರ್, ಊಟದ ಸಲಹೆ ಸಾಲ್ದು

ಪಕ್ಕದ ಮನೆ ಘಾನಾ ಅಂಕಲ್‌ನ ಕರ್ಕೊಂಡು ಲಂಡನ್‌ನ ಪೆಕ್‌ಹ್ಯಾಮಲ್ಲಿರೋ ಒಂದು ಫಾರ್ಮಸಿಗೆ ಹೋಗಿದ್ದೆ, ಇಂಗ್ಲೆಂಡಲ್ಲಿ 40 ದಾಟಿದವರಿಗೆ ಹೀಗೆ ಬಿಪಿ ಚೆಕ್ ಫ್ರೀ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೊದ್ಲು ಸುಮ್ನೆ ಕೂರಿಸಿ ರೆಸ್ಟ್ ಕೊಟ್ಟು ಆಮೇಲೆ ನೋಡಿದ್ರು, 140/90 ಮೇಲೇ ಬಂತು, ತಕ್ಷಣ 24 ಗಂಟೆ ಕಟ್ಕೊಂಡಿರೋ ಮಷೀನ್ ಕೊಟ್ಟು ರಿಪೋರ್ಟನ್ನ ಡಾಕ್ಟರಿಗೂ ಅವ್ರೇ ಕಳಿಸಿದ್ರು. ಇದಕ್ಕೆ ಫುಲ್ ಮಾರ್ಕ್ಸ್.

ಬೇಜಾರಾಗಿದ್ದು ಊಟದ ವಿಷಯ. ಕೊಟ್ಟ ಪಾಂಪ್ಲೆಟಲ್ಲಿ ಬರೀ ಬ್ರೆಡ್ಡು, ಪಾಸ್ತಾ, ಚೀಸು, ಅಂಕಲ್ ದಿನಾ ತಿನ್ನೋ ಕೆಂಕೆ (ಹುಳಿ ಬರಿಸಿದ ಮೆಕ್ಕೆಜೋಳದ ಮುದ್ದೆ), ಫುಫು (ಮರಗೆಣಸು ಕುಟ್ಟಿ ಮಾಡೋ ಮುದ್ದೆ) ಹೆಸರೇ ಇಲ್ಲ. ಅವ್ರ ಅಡುಗೇಲಿ ಉಪ್ಪು ಜಾಸ್ತಿ ಸೇರೋದು ಉಪ್ಪು ಮೀನಿಂದ, ಸ್ಟ್ಯೂಗೆ ರುಚಿಗೆ ಅಂತ ಹಾಕೋ ಉಪ್ಪುಪ್ಪಾದ ಸ್ಟಾಕ್ ಕ್ಯೂಬಿಂದ, ಅದನ್ನ ಯಾರೂ ಕೇಳ್ಲೇ ಇಲ್ಲ. ಆಫ್ರಿಕಾದಿಂದ ವಲಸೆ ಹೋದವರ ಬೊಜ್ಜು, ಶುಗರ್ ಬಗ್ಗೆ ನಡೆದ ರೋಡಾಮ್ ಅನ್ನೋ ಸ್ಟಡಿಲಿ ಘಾನಾದ ಹಳ್ಳಿ, ಸಿಟಿ, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಲಂಡನ್ ಅಂತ ಒಂದೇ ಮೂಲದ ಜನರನ್ನ ಹೋಲಿಸಿದಾಗ ಹಳ್ಳಿಯವರಿಗಿಂತ ವಲಸೆ ಬಂದವರಲ್ಲಿ ಬೊಜ್ಜು, ಬಿಪಿ ಎರಡೂ ಜಾಸ್ತಿ ಇತ್ತು, ಅಂದ್ರೆ ಬರೀ ರಕ್ತದಲ್ಲಿ ಬಂದಿದ್ದಲ್ಲ ಇದು, ಬದುಕೋ ರೀತಿ ಬದಲಾಗಿದ್ದು. ಕ್ಯೂಬ್ ಕಮ್ಮಿ ಮಾಡಿ, ಕೊಂಟೊಮಿರೆ ಸೊಪ್ಪು ಬಿಡ್ಬೇಡಿ ಅಂತ ಒಂದು ಮಾತು ಹೇಳಿದ್ರೂ ಅಂಕಲ್‌ಗೆ ಎಷ್ಟು ಉಪಯೋಗ ಆಗ್ತಿತ್ತು! ಇದನ್ನೇ ಬರೆದು ಕೌಂಟರಲ್ಲಿ ಕೊಟ್ಟು ಬಂದಿದೀವಿ.